ಹಳೆಯ ಗಣಕಕ್ಕೊಬ್ಬ ದುಭಾಷಿ

ಗಡಿನಾಡಿನವರಾದ ನಮಗೆ ದುಭಾಷಿಯ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದಲ್ಲಾಗಲಿ, ಮಡಕಶಿರದಲ್ಲಾಗಲಿ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ಕುಟುಂಬಗಳು ಅನೇಕ. ಅರ್ಜಿದಾರನೂ ಜಾಣ, ಅಧಿಕಾರಿಯೂ ಜಾಣ. ಆದರೂ ನಡುವೆ ಎರಡನ್ನೂ ಬಲ್ಲವನೊಬ್ಬನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಹಳೆಯ ನೆಟ್‌ಬುಕ್ಕಿನ ರೋಗವೂ ಬಹುಮಟ್ಟಿಗೆ ಇದೇ.

2007ರಲ್ಲಿ ಏಸಸ್ ಸಂಸ್ಥೆಯ ಏಳು ಅಂಗುಲ ತೆರೆಯ ‘ಈ ಪಿಸಿ’ ಲಿನಕ್ಸ್ ಸಹಿತವಾಗಿ ಹೊರಬಂದ ಮೇಲೆ ಇಂಥ ಕಿರುಗಣಕಗಳು ಮನೆಮನೆಗೆ ಬಂದವು. ಇಂದು ಅವು ಅಟ್ಟ ಸೇರಿವೆ. ಹೊಸದಾಗಿ ಲಿನಕ್ಸ್ ಹಾಕಿದರೆ ಎರಡು ದೂರುಗಳು ಕೇಳಿಬರುತ್ತವೆ: ವೈಫೈ ಕಾಣುವುದಿಲ್ಲ; ತೆರೆಯ ಅಕ್ಷರಗಳು ಎಳೆದಂತೆ ತೋರುತ್ತವೆ. ನಿವೃತ್ತಿಯ ನಂತರ ಇಂಥ ಕೆಲವು ಯಂತ್ರಗಳನ್ನು ಪರಿಶೀಲಿಸಿ ನಾನು ಕಂಡುಕೊಂಡದ್ದಿಷ್ಟು: ಯಂತ್ರ ಸತ್ತಿಲ್ಲ, ಅದರ ಮಾತನ್ನು ಲಿನಕ್ಸಿಗೆ ತಿಳಿಸುವ ಡ್ರೈವರ್ ಎಂಬ ದುಭಾಷಿ ಇಲ್ಲ.

ಮೊದಲು ಚಿಪ್ಪಿನ ಹೆಸರನ್ನು ತಿಳಿಯಬೇಕು. ಟರ್ಮಿನಲ್ ತೆರೆದು ಎಲ್-ಎಸ್-ಪಿ-ಸಿ-ಐ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನೂ, ಸ್ಥಳ ಬಿಟ್ಟು ಅಡ್ಡಗೆರೆಯೊಡನೆ ‘ಕೆ’ ಅಕ್ಷರವನ್ನೂ ಒತ್ತಿದರೆ, ಯಂತ್ರದೊಳಗಿನ ಚಿಪ್ಪುಗಳ ಹೆಸರೂ ಪ್ರತಿಯೊಂದರ ಡ್ರೈವರಿನ ಹೆಸರೂ ಕಾಣುತ್ತವೆ. ಡ್ರೈವರಿನ ಸಾಲು ಎಲ್ಲಿ ಇಲ್ಲವೋ ಅಲ್ಲಿ ತೊಡಕಿದೆ ಎಂದು ತಿಳಿಯಬೇಕು.

ಎರಡನೆಯದು ವೈಫೈ. ಪಕ್ಕದಲ್ಲಿ ವೈಫೈ ಸ್ವಿಚ್ ಇದ್ದರೆ ಅದು ಮುಚ್ಚಿಲ್ಲವೆಂಬುದನ್ನು ಮೊದಲು ನೋಡಿರಿ. ಬ್ರಾಡ್‌ಕಾಮ್ ಸಂಸ್ಥೆಯ ಅನೇಕ ಹಳೆಯ ಚಿಪ್ಪುಗಳಿಗೆ ‘ಬಿ43’ ಎಂಬ ಡ್ರೈವರ್ ಲಿನಕ್ಸಿನಲ್ಲಿಯೇ ಇದೆ. ಆದರೆ ಚಿಪ್ಪಿಗೆ ಫರ್ಮ್‌ವೇರ್ ಎಂಬ ಅದರದೇ ಕಡತವೂ ಬೇಕು. ಪರವಾನಗಿಯ ತೊಡಕಿನಿಂದ ಅದನ್ನು ಪ್ರತ್ಯೇಕವಾಗಿ ಅಂತರ್ಜಾಲದಿಂದ ತರಬೇಕಾಗುತ್ತದೆ. ಅಂತರ್ಜಾಲಕ್ಕೆ ವೈಫೈ ಬೇಕು, ವೈಫೈಗೆ ಅಂತರ್ಜಾಲ ಬೇಕು! ಇದಕ್ಕೆ ಉಪಾಯ ಸುಲಭ: ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಅದರ ಅಂತರ್ಜಾಲವನ್ನು ಹಂಚಿಕೊಂಡು, ಕಡತವನ್ನು ಇಳಿಸಿಕೊಂಡರಾಯಿತು.

ಮೂರನೆಯದು ಗ್ರಾಫಿಕ್ಸ್. ಇಂಟೆಲ್ ‘ಜಿಎಂಎ 950’ ಇದ್ದರೆ ಚಿಂತೆಯಿಲ್ಲ. ‘ಜಿಎಂಎ 500’ ಚಿಪ್ಪಿನ ಒಳರಚನೆ ಪವರ್‌ವಿಆರ್ ಎಂಬ ಬೇರೆ ವಿನ್ಯಾಸದ್ದು. ಅದರ ವಿವರ ಬಹಿರಂಗವಾಗದ ಕಾರಣ ಮುಕ್ತ ಡ್ರೈವರ್ ತಡವಾಗಿ ಬಂದಿತು. 2012ರ ಲಿನಕ್ಸ್ 3.3 ಆವೃತ್ತಿಯಲ್ಲಿ ಅದು ಪೂರ್ಣ ಸ್ಥಾನ ಪಡೆಯಿತು. ತೆರೆಯ ಅಳತೆಯನ್ನು ಅದು ಸರಿಪಡಿಸುತ್ತದೆ. ಮೂರು ಆಯಾಮದ ಚಿತ್ರಗಳಿಗೆ ವೇಗ ಕೊಡುವುದಿಲ್ಲ. ಆದುದರಿಂದ ಎಲ್‌ಎಕ್ಸ್‌ಡಿಇಯಂತಹ ಹಗುರ ಪರದೆಯೇ ಇದಕ್ಕೆ ತಕ್ಕುದು. ಮುದಿ ಎತ್ತಿಗೆ ಭಾರದ ಗಾಡಿ ಹೂಡಬಾರದಷ್ಟೆ.

ಒಂದು ಎಚ್ಚರಿಕೆ: ಮೊದಲ ಆಟಮ್ ನೆಟ್‌ಬುಕ್‌ಗಳಲ್ಲಿ ಹೆಚ್ಚಿನವು 32 ಬಿಟ್‌ನವು. 2025ರ ಡೆಬಿಯನ್ 13ರಲ್ಲಿ ಅವುಗಳಿಗೆ ಅನುಸ್ಥಾಪನಾ ಪ್ರತಿ ಇಲ್ಲ; 2023ರ ಡೆಬಿಯನ್ 12ರಲ್ಲಿ ಇದೆ.

ಇಷ್ಟು ಶ್ರಮ ಏಕೆಂದು ಕೇಳಬಹುದು. ಗಡಿಯಾಚೆಯ ಕನ್ನಡ ಶಾಲೆಗೆ ಪುಸ್ತಕ ತಲುಪುವುದು ಎಷ್ಟು ಕಷ್ಟವೆಂದು ನೀವೆಲ್ಲ ಬಲ್ಲಿರಿ. ಈ ಕಿರುಗಣಕಕ್ಕೆ ವೈಫೈ ದೊರೆತರೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮಗುವಿನ ಮುಂದೆ ತೆರೆದುಕೊಳ್ಳುತ್ತದೆ. ಕರ್ನಾಟಕದ ಪಠ್ಯಪುಸ್ತಕಗಳೂ ಸಿಗುತ್ತವೆ. ‘ಕಗಪ’ ಕೀಲಿಮಣೆ ಲಿನಕ್ಸಿನಲ್ಲಿಯೇ ಇರುವುದರಿಂದ ಮಗು ಕನ್ನಡದಲ್ಲಿ ಓದುವುದಷ್ಟೇ ಅಲ್ಲ, ಬರೆಯಲೂಬಹುದು.

ಆದಕಾರಣ, ಪ್ರಿಯ ಹಳೆಯ ವಿದ್ಯಾರ್ಥಿಗಳೆ, ಅಟ್ಟದ ನೆಟ್‌ಬುಕ್ಕನ್ನು ಗುಜರಿಗೆ ಹಾಕುವ ಮೊದಲು ಅದರ ಚಿಪ್ಪುಗಳ ಹೆಸರನ್ನು ಚೀಟಿಯಲ್ಲಿ ಬರೆದು, ಯಂತ್ರದ ತಳಕ್ಕೆ ಅಂಟಿಸಿ, ನಮ್ಮ ಶಾಲೆಯ ವಾಚನಾಲಯಕ್ಕೆ ತಲುಪಿಸಿರಿ. ಮುಂದಿನ ಕೆಲಸವನ್ನು ಮಕ್ಕಳೇ ಕಲಿತು ಮಾಡುವರು.