ಬೋಧನೆಯೇ ಸಂಶೋಧನೆಯ ವಸ್ತು

ತಮ್ಮ ಬೋಧನೆಯನ್ನೇ ಸಂಶೋಧನೆಗೊಳಪಡಿಸಿದ ಪ್ರಾಧ್ಯಾಪಕರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರರು ಗಣ್ಯರು. ವಿದ್ಯಾರ್ಥಿಗಳ ಮೆಚ್ಚುಗೆಗೆ ಪಾತ್ರರಾಗಿದ್ದ ಅವರು 1990ರಲ್ಲಿ ಬಲವನ್ನು ಕುರಿತ ಸರಳ ಪ್ರಶ್ನೆಗಳನ್ನಿತ್ತು ಪರೀಕ್ಷಿಸಲು, ಕಠಿಣ ಲೆಕ್ಕ ಬಿಡಿಸಬಲ್ಲವರೂ ಎಡವಿದರು. ಲಾರಿಯೂ ಕಾರೂ ಡಿಕ್ಕಿಯಾದಾಗ ಪರಸ್ಪರ ಬಲ ಸಮವೆಂಬುದು ನ್ಯೂಟನ್ನನ ನಿಯಮ. ಸೂತ್ರ ಒಪ್ಪಿಸಿದವರ ಮನಸ್ಸು ಮಾತ್ರ ಲಾರಿಯದೇ ಹೆಚ್ಚೆನ್ನುತ್ತಿತ್ತು. ತಾವು ಕಲಿಸಿದಂತೆ ಬರೆಯಬೇಕೋ, ತನಗೆ ತೋರಿದಂತೆಯೋ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದೂ ಉಂಟು.

ದೋಷ ಉಪನ್ಯಾಸದ್ದೆಂದು ಒಪ್ಪುವುದು ಮೆಚ್ಚುಗೆ ಗಳಿಸಿದ ಗುರುವಿಗೆ ಸುಲಭವಲ್ಲ. ಮಜೂರರು ಒಪ್ಪಿದರು. ಉಪನ್ಯಾಸವನ್ನು ಮೊಟಕುಗೊಳಿಸಿ, ವಿದ್ಯಾರ್ಥಿಗಳು ನೆರೆಯವರೊಡನೆ ಚರ್ಚಿಸಿ ಮರಳಿ ಉತ್ತರಿಸುವ ಕ್ರಮವನ್ನು ರೂಢಿಸಿದರು. ಹತ್ತು ವರ್ಷಗಳ ಫಲವನ್ನಳೆದು ಸಹೋದ್ಯೋಗಿಯೊಡನೆ 2001ರಲ್ಲಿ ಪ್ರಕಟಿಸಿದರು. ಇತಿಹಾಸದಲ್ಲಿ ಎಡವುವ ತಾಣವೇ ಬೇರೆ. ಅದನ್ನು ಆಯಾ ಶಾಸ್ತ್ರದ ಅಧ್ಯಾಪಕರೇ ಶೋಧಿಸುವ ವಿಧಾನವನ್ನು ಇಂಡಿಯಾನಾ ವಿಶ್ವವಿದ್ಯಾಲಯದ ಇತಿಹಾಸಕಾರ ಡೇವಿಡ್ ಪೇಸ್ ಅವರು ಜೋನ್ ಮಿಡೆನ್‌ಡಾರ್ಫ್ ಅವರೊಡಗೂಡಿ 2004ರಲ್ಲಿ ನಿರೂಪಿಸಿದರು.