ರ‍್ಯಾಮ್ ಕಾಣಿಸದಿದ್ದಾಗ

ಹೊಸದಾಗಿ ಜೋಡಿಸಿದ ಕಂಪ್ಯೂಟರಿಗೆ 32 ಜಿಬಿ ರ‍್ಯಾಮ್ ಹಾಕಿರುತ್ತಾರೆ, ಪರದೆ 16 ಎಂದಷ್ಟೇ ತೋರಿಸುತ್ತದೆ. ಕೆಲವೊಮ್ಮೆ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಮಾನಿಟರಿನಲ್ಲಿ ಮಾತ್ರ ಏನೂ ಬರುವುದಿಲ್ಲ. ಇಂಥ ಯಂತ್ರ ನಮ್ಮ ಕೈಗೆ ಬಂದಾಗ ಅದರ ಜೊತೆಗೇ “ರ‍್ಯಾಮ್ ಹೋಗಿದೆ ಸರ್, ಬೇರೆ ಕೊಡಿಸಿ” ಎಂಬ ಮಾತೂ ಬರುತ್ತದೆ. ಹೆಚ್ಚಿನ ಸಲ ರ‍್ಯಾಮ್ ಚೆನ್ನಾಗಿಯೇ ಇರುತ್ತದೆ. ಹುಡುಕುವ ಕ್ರಮ ತಪ್ಪಿರುತ್ತದೆ.

1. ಮೊದಲು ಬಯೋಸ್ ನೋಡಿ. ಅಲ್ಲಿ ಪೂರ್ತಿ 32 ಇದ್ದು ವಿಂಡೋಸ್‌ನಲ್ಲಿ ಕಡಿಮೆಯಿದ್ದರೆ ಕ್ಯಾಬಿನೆಟ್ ಬಿಚ್ಚುವ ಕೆಲಸವೇ ಇಲ್ಲ. 32-ಬಿಟ್ ವಿಂಡೋಸ್ 10 ಹಾಕಿದ್ದರೆ 4 ಜಿಬಿಗಿಂತ ಹೆಚ್ಚು ಬಳಕೆಗೆ ಸಿಗುವುದಿಲ್ಲ. ಎಂಎಸ್‌ಕಾನ್ಫಿಗ್‌ನ ಬೂಟ್ ವಿಭಾಗದಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ಗೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಒಂದಷ್ಟು ಪಾಲು ತೆಗೆದುಕೊಳ್ಳುವುದು ಸಹಜ.

2. ಬಯೋಸ್‌ಗೂ ಕಾಣದಿದ್ದರೆ ಪವರ್ ಕೇಬಲ್ ಕಿತ್ತು, ಸ್ಟಿಕ್ ತೆಗೆದು ಮತ್ತೆ ಹಾಕಿ. ಈಗಿನ ಅನೇಕ ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಕಡೆ ಇರುತ್ತದೆ. ಅದು ‘ಟಕ್’ ಅಂದರೂ ಇನ್ನೊಂದು ತುದಿ ಮೇಲೆಯೇ ಉಳಿದಿರಬಹುದು. ಎರಡೂ ತುದಿಗಳನ್ನು ಗಟ್ಟಿಯಾಗಿ ಒತ್ತಿ. ಒತ್ತುವ ಮುಂಚೆ ಸ್ಟಿಕ್ ಡಿಡಿಆರ್4 ಹೌದೋ ಡಿಡಿಆರ್5 ಹೌದೋ ಓದಿಕೊಳ್ಳಿ. ಎರಡಕ್ಕೂ 288 ಪಿನ್‌ಗಳೇ ಆದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು.

3. ನಾಲ್ಕು ಸ್ಲಾಟಿನ ಬೋರ್ಡಿಗೆ ಎರಡು ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್, ಅಂದರೆ ಎ2 ಮತ್ತು ಬಿ2. ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳಿ.

4. ಕಾಯಿರಿ. ಡಿಡಿಆರ್5 ಯಂತ್ರ ಮೊದಲ ಸಲ ಆನ್ ಆದಾಗ ರ‍್ಯಾಮಿನ ವೇಗ, ಸಮಯ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಎಎಂಡಿಯ ಎಎಂ5 ಬೋರ್ಡುಗಳಲ್ಲಿ ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ಅಷ್ಟೂ ಹೊತ್ತು ಪರದೆ ಕಪ್ಪು, ಬೋರ್ಡಿನ ಡಿ-ರ‍್ಯಾಮ್ ದೀಪ ಉರಿಯುತ್ತಲೇ ಇರುತ್ತದೆ. ಗಾಬರಿಯಾಗಿ ಆಫ್ ಮಾಡಿದರೆ ಆ ಕೆಲಸ ಮತ್ತೆ ಮೊದಲಿಂದ ಶುರು. ಕಾಲು ಗಂಟೆ ಹಾಗೇ ಬಿಡಿ.

5. ಆಮೇಲೆ ಒಂದೊಂದೇ ಸ್ಟಿಕ್ ಹಾಕಿ, ಒಂದೊಂದೇ ಸ್ಲಾಟಿನಲ್ಲಿ ಪರೀಕ್ಷಿಸಿ, ಫಲ ಬರೆದಿಡಿ. ಒಂದು ಸ್ಟಿಕ್ ಎಲ್ಲೂ ಕಾಣದೆ, ಇನ್ನೊಂದು ಎಲ್ಲೆಡೆ ಕಂಡರೆ ದೋಷ ಆ ಸ್ಟಿಕ್‌ನದು. ಯಾವ ಸ್ಟಿಕ್ ಹಾಕಿದರೂ ಬಿ ಬದಿಯ ಸ್ಲಾಟುಗಳು ಮಾತ್ರ ಸುಮ್ಮನಿದ್ದರೆ ಸ್ಟಿಕ್‌ಗಳನ್ನು ಪಕ್ಕಕ್ಕಿಟ್ಟು ಪ್ರೊಸೆಸರಿನ ಕಡೆ ತಿರುಗಿ.

6. ಹೆಚ್ಚು ಮಂದಿ ನೋಡದೆ ಬಿಡುವ ಜಾಗ ಇದೇ. ರ‍್ಯಾಮನ್ನು ನಡೆಸುವ ಕಂಟ್ರೋಲರ್ ಹಿಂದೆ ಮದರ್‌ಬೋರ್ಡಿನ ಚಿಪ್‌ಸೆಟ್ಟಿನಲ್ಲಿತ್ತು. ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಅದನ್ನು ತಮ್ಮ ಡೆಸ್ಕ್‌ಟಾಪ್ ಪ್ರೊಸೆಸರಿನೊಳಗೆ ತಂದವು. ಹೀಗಾಗಿ ಸಾಕೆಟ್ಟಿನ ಪಿನ್ ಒಂದು ಬಾಗಿದರೂ ರ‍್ಯಾಮಿನ ಒಂದು ಚಾನೆಲ್ (ಎ ಬದಿ ಅಥವಾ ಬಿ ಬದಿ) ಪೂರ್ತಿ ಮಾಯವಾಗಬಹುದು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿನಲ್ಲಿ 1700 ಪಿನ್, ಎಎಂ5ನಲ್ಲಿ 1718. ಪಿನ್ ಸರಿಯಿದ್ದೂ ಕೂಲರಿನ ಸ್ಕ್ರೂ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾದರೆ ಸಂಪರ್ಕ ಕೆಡುತ್ತದೆ. ಮೊದಲು ಕೂಲರ್ ಸಡಿಲಿಸಿ, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಅದರಿಂದ ಆಗದಿದ್ದರೆ ಪ್ರೊಸೆಸರ್ ತೆಗೆದು, ಓರೆಯಾಗಿ ಟಾರ್ಚ್ ಬಿಟ್ಟು ಸಾಕೆಟ್ ನೋಡಿ. ಸಾಲಾಗಿ ಹೊಳೆಯುವ ಪಿನ್‌ಗಳ ನಡುವೆ ಬಾಗಿದ್ದು ಬೇರೆ ಥರ ಮಿನುಗುತ್ತದೆ. ಮೊಬೈಲ್ ಕ್ಯಾಮೆರಾದ ಜೂಮ್ ಇಲ್ಲಿ ಬಹಳ ಉಪಕಾರಿ. ಕೈ ಪಳಗದವರು ಪಿನ್ ನೆಟ್ಟಗೆ ಮಾಡಲು ಹೋಗಬೇಡಿ, ಮುರಿದರೆ ಬೋರ್ಡೇ ಹೋಯಿತು. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ವಾರಂಟಿಗೆ ಕೇಳುತ್ತಾರೆ.

7. 24 ಮತ್ತು 48 ಜಿಬಿಯ ಡಿಡಿಆರ್5 ಸ್ಟಿಕ್‌ಗಳನ್ನು ಗುರುತಿಸಲು ಹಳೆಯ ಬೋರ್ಡಿಗೆ ಹೊಸ ಬಯೋಸ್ ಬೇಕಾಗಬಹುದು. ಎಕ್ಸ್‌ಎಂಪಿ (ರ‍್ಯಾಮಿನ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡಿದ ಮೇಲೆ ಯಂತ್ರ ನಿಂತಿದ್ದರೆ ಸಿಮಾಸ್ ಕ್ಲಿಯರ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗ್ ಅಳಿಸಿ.

8. ಹೊಸ ರ‍್ಯಾಮಿಗೆ ರಬ್ಬರ್ ಉಜ್ಜಬೇಡಿ. ತುದಿಯ ಚಿನ್ನದ ಲೇಪ ತೆಳುವಾದದ್ದು. ಕೊಳೆ ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು.

ಇಷ್ಟೆಲ್ಲ ನೋಡಿದ ಮೇಲೂ ದೋಷ ಸ್ಟಿಕ್‌ನದೇ ಎಂದಾದರೆ, ಜೋಡಿಯಾಗಿ ಕೊಂಡದ್ದನ್ನು ಜೋಡಿಯಾಗಿಯೇ, ಬಿಲ್ಲಿನ ಸಮೇತ ವಾಪಸ್ ಕೊಡಿ. ಬರೆದಿಟ್ಟ ಚೀಟಿಯನ್ನೂ ಅಂಗಡಿಯವರಿಗೆ ತೋರಿಸಿ. ಪರೀಕ್ಷೆ ಮಾಡಿಯೇ ಬಂದಿದ್ದೀರಿ ಎಂದು ತಿಳಿದರೆ ಬದಲಾಯಿಸಿಕೊಡುವುದು ಬೇಗ ಆಗುತ್ತದೆ.