ಗಂಗಾಳ ತುಂಬಿದ್ದರೂ ಉಳಿಯುವ ಕೊರತೆ



ಲೋಹಾರಾದ ನಮ್ಮ ಮಠದ ಆಶ್ರಯದಲ್ಲಿ ಹನ್ನೊಂದು ಮಂದಿ ಹಿರಿಯರು ಕಾಯಂ ವಾಸವಾಗಿರುವುದು ತಮಗೆಲ್ಲ ತಿಳಿದ ಸಂಗತಿ. ಇವರಲ್ಲಿ ಕೆಲವರು 30-9-1993ರ ನಸುಕಿನ ಭೂಕಂಪದಲ್ಲಿ ಸಾಸ್ತೂರು, ಕಿಲ್ಲಾರಿ ಕಡೆ ಮನೆ-ಮಕ್ಕಳನ್ನು ಕಳೆದುಕೊಂಡವರು. ಆಗ ನಲವತ್ತು-ಐವತ್ತರವರಾಗಿದ್ದವರು ಈಗ ಎಪ್ಪತ್ತು-ಎಂಬತ್ತು ದಾಟಿದ್ದಾರೆ. ಇವರಿಗೆ ಎರಡು ಹೊತ್ತಿನ ಪ್ರಸಾದ ಎಂದೂ ತಪ್ಪಿಲ್ಲ, ಹಸಿದು ಮಲಗಿದವರು ಯಾರೂ ಇಲ್ಲ ಎಂದು ಕಾರ್ಯದರ್ಶಿಯಾಗಿ ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆವು. ಆ ಹೆಮ್ಮೆ ಎಲ್ಲಿ ತಪ್ಪಿತೆಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ತಮ್ಮ ಮನೆಗಳಲ್ಲಿಯೂ ಇದೇ ನಡೆಯುತ್ತಿರಬಹುದು.

ಆಶ್ರಯದ ಒಬ್ಬ ಆಯಿ ಒಂದು ಸಂಜೆ ಅಂಗಳ ದಾಟಿ ಬರುತ್ತಿದ್ದರು. ಅವರ ಎಡಗಾಲಿನ ಚಪ್ಪಲಿ ಹಿಂದೆಯೇ ಕಳಚಿ ಬಿದ್ದಿತ್ತು. "ಆಯಿ, ಚಪ್ಪಲಿ ಅಲ್ಲೇ ಬಿಟ್ಟು ಬಂದ್ರಲ್ಲ" ಎಂದೆವು. "ಕಾಲಾಗೇ ಅದಲ್ಲೋ ತಮ್ಮಾ" ಎಂದರು. ಬಗ್ಗಿ ನೋಡಿಕೊಂಡ ಮೇಲೆಯೇ ಅವರಿಗೆ ಗೊತ್ತಾದದ್ದು. ನೆಲ ಹತ್ತಿಯಂತೆ ಮೆತ್ತಗಾಗುತ್ತದೆ, ಕತ್ತಲಲ್ಲಿ ನಡೆದರೆ ಜೋಲಿ ಹೋಗುತ್ತದೆ, ನಾಲಿಗೆ ಉರಿದು ಖಾರದ ಹಿಂಡಿ ತಿನ್ನಲಾಗುವುದಿಲ್ಲ ಎಂದು ಅವರು ಎರಡು ವರ್ಷಗಳಿಂದ ಹೇಳುತ್ತಲೇ ಇದ್ದರು. ವಯಸ್ಸಾಯಿತಲ್ಲ ಎಂದು ನಾವೇ ಸಮಾಧಾನ ಹೇಳುತ್ತಿದ್ದೆವು. ನಡುವೆ ಒಮ್ಮೆ ರಕ್ತ ಕಡಿಮೆ ಇದೆಯೆಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಕೊಡಿಸಿದ್ದುಂಟು. ರಕ್ತ ಏರಿತು, ನಾವು ನಿಶ್ಚಿಂತರಾದೆವು.

ಈ ಸಲ ದವಾಖಾನೆಗೆ ಕರೆದೊಯ್ದಾಗ ವೈದ್ಯರು ಕಂಪಿಸುವ ಲೋಹದ ಕವಲೊಂದನ್ನು ಆಯಿಯ ಕಾಲಿನ ಹೆಬ್ಬೆರಳಿಗೆ ಹಚ್ಚಿದರು. ಅದರ ಕಂಪನ ಅವರಿಗೆ ತಿಳಿಯಲೇ ಇಲ್ಲ. ರಕ್ತದ ವರದಿಯಲ್ಲಿ ವಿಟಮಿನ್ ಬಿ-12 ನೂರಕ್ಕೂ ಕೆಳಗಿತ್ತು. ಇನ್ನೂರಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆಯೆನ್ನುತ್ತಾರೆ. ಹಿಂದೆ ಕೊಡಿಸಿದ ಗುಳಿಗೆಯ ವಿಷಯ ಕೇಳಿ ವೈದ್ಯರು ಹೇಳಿದ ಮಾತನ್ನು ಎಲ್ಲರೂ ಗಮನಿಸಬೇಕು. ಬಿ-12 ಇಲ್ಲದೆ ಆದ ರಕ್ತಹೀನತೆಯನ್ನು ಫೋಲಿಕ್ ಆಮ್ಲ ಸರಿಪಡಿಸಿದಂತೆ ತೋರಿಸುತ್ತದೆ, ಆದರೆ ನರಗಳ ಕೆಡುಕನ್ನು ತಡೆಯುವುದಿಲ್ಲ. ಮುಖದ ಮೇಲೆ ಕಳೆ ಬರುತ್ತದೆ, ಒಳಗೆ ಬೆನ್ನುಹುರಿ ಸವೆಯುತ್ತಲೇ ಇರುತ್ತದೆ.

ಈ ಬಿ-12 ಎಂಬುದು ಯಾವ ಗಿಡವೂ ತಯಾರಿಸದ ವಸ್ತು. ಇದನ್ನು ಮಾಡುವವು ಸೂಕ್ಷ್ಮಜೀವಿಗಳು ಮಾತ್ರ. ಆಕಳು, ಎಮ್ಮೆಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನಲ್ಲಿರುವ ಕೋಬಾಲ್ಟ್ ಎಂಬ ಖನಿಜದಿಂದ ಇದನ್ನು ಕಟ್ಟುತ್ತವೆ, ಅಲ್ಲಿಂದ ಹಾಲಿಗೆ ಬರುತ್ತದೆ. ಆದ್ದರಿಂದ ಮಾಂಸ, ಮೊಟ್ಟೆ ಮುಟ್ಟದ ನಮ್ಮ ಸಮಾಜಕ್ಕೆ ಹಾಲು-ಮೊಸರು ಬಿಟ್ಟರೆ ಊಟದಲ್ಲಿ ಬೇರೆ ಮೂಲವಿಲ್ಲ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲವೂ ಒಳ್ಳೆಯ ಆಹಾರವೇ, ಆದರೆ ಯಾವುದರಲ್ಲಿಯೂ ಬಿ-12 ಇಲ್ಲ. ಉದಗೀರದ ಒಬ್ಬ ಅಡತಿ ವ್ಯಾಪಾರಸ್ಥರು "ಸೋಯಾಬೀನ್‌ನಾಗ ಎಲ್ಲಾ ಸತ್ವ ಅದ ಅಂತಾರಲ್ರೀ" ಎಂದು ಕೇಳಿದರು. ಸೋಯಾದಲ್ಲಿ ಪ್ರೋಟೀನ್ ಹೇರಳವಾಗಿದೆ, ಇದು ಮಾತ್ರ ಇಲ್ಲ.

ಇದು ನಮ್ಮೊಂದು ಊರಿನ ಕಥೆಯೂ ಅಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳ್ಳಿ, ಕೊಳೆಗೇರಿ ಮತ್ತು ನಗರದ ಮಧ್ಯಮ ವರ್ಗದ 441 ಮಂದಿ ನಡುವಯಸ್ಸಿನ ಗಂಡಸರ ರಕ್ತ ಪರೀಕ್ಷಿಸಲಾಯಿತು. ನೂರಕ್ಕೆ 67 ಮಂದಿಯಲ್ಲಿ ಬಿ-12 ಕಡಿಮೆ ಇತ್ತು. ಉಂಡುಟ್ಟು ಸುಖವಾಗಿರುವ ಮಧ್ಯಮ ವರ್ಗದಲ್ಲಿಯೇ ಕೊರತೆ ಎಲ್ಲರಿಗಿಂತ ಹೆಚ್ಚು, ನೂರಕ್ಕೆ 81. ಅವರು ದುಡಿಯುವ ವಯಸ್ಸಿನವರು. ಮುಪ್ಪಿನಲ್ಲಿ ಇನ್ನೊಂದು ತೊಡಕು ಕೂಡುತ್ತದೆ. ಅನ್ನದೊಳಗಿನ ಬಿ-12ನ್ನು ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು, ಅನೇಕ ವೃದ್ಧರಲ್ಲಿ ಅದು ಬತ್ತುತ್ತ ಬರುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮತ್ತು ಎದೆಯುರಿಗೆ ಕೊಡುವ ಒಮೆಪ್ರಾಜೋಲ್ ಗುಳಿಗೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೂ ಬಿ-12 ತಗ್ಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬೇಗ ಹೊರಗೆ ಕಾಣುವುದಿಲ್ಲ. ದುಕಾನಿನ ಹಳೆಯ ಮಾಲು ಖರ್ಚಾಗುವ ತನಕ ನಷ್ಟ ತಿಳಿಯದಿರುವಂತೆ.

ಬಿ.ಕಾಂ. ಓದಿದ ನಮಗೆ ವೈದ್ಯ ಬರುವುದಿಲ್ಲ, ಲೆಕ್ಕ ಬರುತ್ತದೆ. ಮಠದ ಕೀರ್ದಿ ತೆಗೆದು ದಾಸೋಹದ ಹಾಲಿನ ಖರ್ಚು ನೋಡಿದೆವು. ದಿನಕ್ಕೆ ನಾಲ್ಕು ಲೀಟರ್ ಬರುತ್ತದೆ. ಹೆಚ್ಚಿನ ಪಾಲು ಬಂದು ಹೋಗುವವರ ಚಹಾಕ್ಕೇ ಹೋಗುತ್ತದೆ. ಹಿರಿಯರಿಗೆ ಸಿಗುತ್ತಿದ್ದದ್ದು ಎರಡು ಕಪ್ ಚಹಾದಲ್ಲಿನ ಹಾಲು, ತಲೆಗೆ ಎಪ್ಪತ್ತು-ಎಂಬತ್ತು ಮಿ.ಲೀ. ಮಜ್ಜಿಗೆಯೆಂಬುದು ಹೆಸರಿಗೆ, ನೀರೇ ಹೆಚ್ಚು. ನೂರು ಮಿ.ಲೀ. ಹಾಲಿನಲ್ಲಿ ಬಿ-12 ಸುಮಾರು 0.4 ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು ಎರಡಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಬೇಕಾದುದರ ಸುಮಾರು ಏಳನೆಯ ಒಂದು ಪಾಲು ಮಾತ್ರ, ಅದೂ ಕುದಿಸಿ ಕುದಿಸಿ ಇನ್ನಷ್ಟು ಕಡಿಮೆಯಾದದ್ದು. ಉಮರ್ಗಾ, ನಿಲಂಗಾ ಕಡೆಯ ರೈತ ಭಕ್ತರು ತಮ್ಮ ಮನೆಯ ಲೆಕ್ಕವನ್ನೂ ಹೀಗೆಯೇ ಹಾಕಿ ನೋಡಬೇಕು. ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಇರುತ್ತವೆ, ಕ್ಯಾನು ತುಂಬ ಹಾಲು ಡೇರಿಗೆ ಹೋಗುತ್ತದೆ, ಪಡಸಾಲೆಯಲ್ಲಿ ಕುಳಿತ ಮುತ್ಯಾನ ಪಾಲಿಗೆ ಕರಿ ಚಹಾ ಉಳಿಯುತ್ತದೆ.

ಹಾಲು ಹೆಚ್ಚಿಸಿದರೆ ಒಳ್ಳೆಯದೇ, ಆದರೆ ಒಮ್ಮೆ ಕೊರತೆಯಾದ ಮೇಲೆ ಹಾಲೊಂದರಿಂದಲೇ ತುಂಬಿಬರುವುದಿಲ್ಲ. ಸೂಜಿಯೋ ಗುಳಿಗೆಯೋ ಬೇಕು. ಇಲ್ಲಿ ನಮ್ಮ ಹಿರಿಯರೊಬ್ಬರು ತಕರಾರು ತೆಗೆದರು. ಹಿಂದೆ ಈ ಸೂಜಿಯನ್ನು ಪ್ರಾಣಿಯ ಯಕೃತ್ತಿನಿಂದ ಮಾಡುತ್ತಿದ್ದರು, ನಮಗೆ ಬೇಡ ಎಂದರು. ಅವರು ಕೇಳಿದ್ದು ಸುಳ್ಳಲ್ಲ. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ಯಕೃತ್ತನ್ನು ತಿನ್ನಿಸಿಯೇ ಈ ಬಗೆಯ ರಕ್ತಹೀನತೆಯನ್ನು ಗುಣಪಡಿಸಿದರು. ವಿಪಲ್ ಎಂಬವರೊಡನೆ ಅವರಿಗೆ 1934ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಆ ಕಾಲದ ಸೂಜಿಮದ್ದು ಯಕೃತ್ತಿನ ಸಾರವೇ ಆಗಿತ್ತು. 1948ರಲ್ಲಿ ಅದರೊಳಗಿನ ಕೆಂಪು ಹರಳು, ಅಂದರೆ ಬಿ-12, ಬೇರೆಯಾಗಿ ದೊರೆಯಿತು. ಇಂದು ಈ ಔಷಧಿಯನ್ನು ತಯಾರಿಸುವುದು ದೊಡ್ಡ ತೊಟ್ಟಿಗಳಲ್ಲಿ ಸೂಕ್ಷ್ಮಜೀವಿಗಳನ್ನು ಹುದುಗೆಬ್ಬಿಸಿ. ಪ್ರಾಣಿಯ ಅಂಗ ಅದರಲ್ಲಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಕ್ಯಾಪ್ಸೂಲಿನ ಮೇಲಿನ ಕವಚ ಅನೇಕ ಸಲ ಜಿಲೆಟಿನ್‌ನದು, ಅದು ಪ್ರಾಣಿಜನ್ಯ. ಔಷಧ ಅಂಗಡಿಯಲ್ಲಿ ಕ್ಯಾಪ್ಸೂಲ್ ಬೇಡ, ಗುಳಿಗೆ ಕೊಡಿ ಎಂದು ಕೇಳಿ ಪಡೆಯಬಹುದು. ಆಮ್ಲ ಬತ್ತಿದ ಹೊಟ್ಟೆಗೂ ಗುಳಿಗೆ ನಾಟುತ್ತದೆ, ಏಕೆಂದರೆ ಅದರಲ್ಲಿ ಬಿ-12 ಅನ್ನಕ್ಕೆ ಅಂಟಿಕೊಂಡಿರುವುದಿಲ್ಲ. ಪ್ರಮಾಣವನ್ನು ವೈದ್ಯರೇ ಹೇಳಬೇಕು.

ವಿಟಮಿನ್ ಡಿ ಬಗ್ಗೆಯೂ ಎರಡು ಮಾತು. ಮಠದ ದಪ್ಪ ಗೋಡೆಯೊಳಗೆ ದಿನವಿಡೀ ಕುಳಿತ ಹಿರಿಯರಿಗೆ ಬಿಸಿಲೇ ಬೀಳುವುದಿಲ್ಲ, ಮೂಳೆ ಸೊರಗುತ್ತವೆ. ಎಳೆಬಿಸಿಲು ಸಾಕೆಂಬ ನಂಬಿಕೆ ನಮ್ಮಲ್ಲಿದೆ, ಆದರೆ ಹೊತ್ತು ಏರಿದ ಬಿಸಿಲಿನಲ್ಲಿಯೇ ಚರ್ಮ ಡಿ ತಯಾರಿಸುವುದು ಹೆಚ್ಚು. ಚಳಿಗಾಲದಲ್ಲಿ ಹನ್ನೊಂದರ ಮೇಲೆ ಕೈಕಾಲಿಗೆ ಬಿಸಿಲು ತಾಗಿಸಬಹುದು. ನಮ್ಮ ಮರಾಠವಾಡದ ಮೇ ತಿಂಗಳಲ್ಲಿ ಆ ಹೊತ್ತಿಗೆ ಯಾರನ್ನೂ ಹೊರಗೆ ಕೂರಿಸಬಾರದು.

ಉಳಿದ ಹಿರಿಯರ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ಹೆಚ್ಚಿನವರಲ್ಲಿ ಬಿ-12 ಕಡಿಮೆ ಇತ್ತು, ಆದರೆ ಕಾಲು ಜೋಮು ಹಿಡಿಯುವ ಹಂತಕ್ಕೆ ಬಂದವರು ಕಡಿಮೆ. ಅವರೆಲ್ಲ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಸೂಜಿ ಆರಂಭಿಸಿದ ಕೆಲವು ವಾರಗಳಲ್ಲಿ ಆಯಿಯ ನಾಲಿಗೆಯುರಿ ನಿಂತು ಹಿಂಡಿ-ರೊಟ್ಟಿ ತಿನ್ನತೊಡಗಿದರು, ಆಯಾಸವೂ ಇಳಿಯಿತು. ಕಾಲಿನ ಜೋಮು ಮಾತ್ರ ಅರ್ಧದಷ್ಟೇ ಹೋಗಿದೆ. ಬಹಳ ದಿನ ಕೆಟ್ಟ ನರ ಪೂರ್ತಿ ಮರಳುವುದು ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ಅವರು ಈಗ ಬಡಿಗೆ ಹಿಡಿದು ನಡೆಯುತ್ತಾರೆ. ಎರಡು ವರ್ಷ ಮೊದಲೇ ಕೇಳಿಸಿಕೊಂಡಿದ್ದರೆ ಬಡಿಗೆ ಬೇಕಾಗುತ್ತಿರಲಿಲ್ಲವೇನೋ.

ಕೀರ್ದಿಯಲ್ಲಿ 'ಹಿರಿಯರ ಹಾಲು' ಎಂಬ ಬೇರೆ ಖಾತೆ ತೆರೆದಿದ್ದೇವೆ. ತಲೆಗೆ ಮುಂಜಾನೆ ಒಂದು ಲೋಟ ಹಾಲು, ಮಧ್ಯಾಹ್ನ ಒಂದು ವಾಟಿ ಗಟ್ಟಿ ಮೊಸರು. ಇದರ ಹಾಲನ್ನು ಚಹಾಕ್ಕೆ ತೆಗೆಯುವಂತಿಲ್ಲವೆಂದು ಅಡುಗೆಮನೆಯವರಿಗೆ ತಿಳಿಸಲಾಗಿದೆ. ದಿನಕ್ಕೆ ಇನ್ನೂ ಐದು ಲೀಟರ್ ಬೇಕಾಗುತ್ತದೆ. ಲೋಹಾರಾ ಸುತ್ತಲಿನ ಹಳ್ಳಿಗಳಿಂದ ಡೇರಿಗೆ ಹಾಲು ಹಾಕಲು ಬರುವ ಭಕ್ತರು ಬೆಳಿಗ್ಗೆ ಏಳರೊಳಗೆ ಮಠದ ಅಡುಗೆಮನೆಯಲ್ಲಿ ಕೊಟ್ಟು ಪಾವತಿ ಪಡೆಯಬೇಕೆಂದು ವಿನಂತಿ.